ಖಾಲಿ ಬಿಟ್ಟ ಟೈಮರ್

ದ್ವಾರಕಾ, ನವದೆಹಲಿ
೧೧ ಮೇ ೨೦೦೮, ಭಾನುವಾರ

ಪ್ರಿಯ ವೈಜಯಂತಿ,

ನೀನು ನೋಯ್ಡಾದ ಕೆಲಸ ಬಿಟ್ಟು ಹೊಸಪೇಟೆಗೆ ಹೋದ ಮೇಲೆ ದೀಪಾವಳಿಯ ಒಂದು ಮೇಲ್ ಬಿಟ್ಟರೆ ನಿನಗೆ ಏನನ್ನೂ ಬರೆದಿಲ್ಲ. ಈಗ ಬರೆಯುತ್ತಿರುವುದೂ ಕೆಲಸಕ್ಕಾಗಿಯೇ. ಕುಶಲ ವಿಚಾರಿಸುತ್ತಾ ಬಂದು ಕೊನೆಯಲ್ಲಿ ಕೇಳುವುದಕ್ಕಿಂತ ಮೊದಲೇ ಹೇಳಿಬಿಡುವುದು ಮೇಲು ಅನ್ನಿಸಿತು.

ಕಾಗದದ ಮೇಲೆ, ಕನ್ನಡದಲ್ಲಿ ಏಕೆ ಎಂದು ನೀನು ಕೇಳಬಹುದು. ಆಫೀಸಿನ ಮೇಲ್‌ಗಳನ್ನು ಮೇಲಿನವರು ಓದುತ್ತಾರೆಂಬ ಗುಮಾನಿ ನನಗಿದೆ. ಫೋನಿನಲ್ಲಾದರೆ ಎದುರಿನವರಿಗೆ ಬೇಕಾದುದನ್ನೇ ಹೇಳಿಬಿಡುವ ದುರಭ್ಯಾಸ ನನ್ನದು. ನಾನು ಕೇಂದ್ರೀಯ ವಿದ್ಯಾಲಯದಲ್ಲಿ ಓದಿದವಳು. ಕನ್ನಡ ಬರೆಯಲು ಅಮ್ಮ ಬೇಸಿಗೆ ರಜೆಗಳಲ್ಲಿ ಕಲಿಸಿದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಮಗಳು ತನ್ವಿ ಹೆಗಲ ಮೇಲಿಂದ ಬಗ್ಗಿ, "ಮಮ್ಮಾ, ಇತ್ನಾ ಗೋಲ್ ಗೋಲ್ ಕ್ಯಾ ಲಿಖ್ ರಹೀ ಹೋ? ಜಿಲೇಬಿ ಥರ ಇದೆ" ಎಂದು ನಕ್ಕು ಹೋದಳು.

ವಿಷಯ ಇದು. ಆರ್.ಕೆ.ಪುರಂನ ಧರ್ಮಾರ್ಥ ಔಷಧಾಲಯದ ಉಗ್ರಾಣದಲ್ಲಿ ಏಸಿಗಳನ್ನು ನಡೆಸುವ ನಮ್ಮ ಕಂಪನಿಯ ಪೆಟ್ಟಿಗೆ ಇದೆಯಲ್ಲ, ಅದರ ಬಗ್ಗೆ ದೂರು ಬಂದಿದೆ. ಅಲ್ಲಿ ಎರಡು ಏಸಿಗಳಿವೆ. ದಿನಕ್ಕೊಂದರಂತೆ ಓಡಬೇಕು. ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ರಿಮೋಟಿನ ಹಾಗೆಯೇ ಕಣ್ಣಿಗೆ ಕಾಣದ ಬೆಳಕನ್ನು ಮಿಟುಕಿಸಿ ಒಂದನ್ನು ಆರಿಸಿ ಇನ್ನೊಂದನ್ನು ಹಚ್ಚುತ್ತದೆ. ಈ ಬೇಸಿಗೆಯಲ್ಲಿ ಮೂರು ಸಲ ಎರಡೂ ಆರಿಹೋಗಿ, ಬೆಳಿಗ್ಗೆ ಔಷಧಿ ತೆಗೆದು ಬಾಗಿಲು ಹಾಕಿದ ಮೇಲೆ ಹಗಲಿನಲ್ಲಿ ಯಾರೂ ನೋಡದೆ, ಸಂಜೆಯ ಹೊತ್ತಿಗೆ ಕೋಣೆ ಒಲೆಯಂತಾಗಿ, ಚುಚ್ಚುಮದ್ದು, ಕಣ್ಣಿನ ಹನಿ ಎಲ್ಲ ಎಸೆಯಬೇಕಾಯಿತು. ಪೆಟ್ಟಿಗೆಯೊಳಗಿನ ದಾಖಲೆಯಲ್ಲಿ ಮೂರೂ ದಿನ "ಆಜ್ಞೆ ಕಳಿಸಿದೆ" ಎಂದೇ ಇದೆ. ಹಾಗಾಗಿ ಉಗ್ರಾಣದ ಮೇಲ್ವಿಚಾರಕರೇ ಕೈಯಾರೆ ರಿಮೋಟಿನಿಂದ ಆರಿಸಿದ್ದಾರೆ, ಹಾಳಾಯಿತೆಂದು ಬರೆದು ಒಳ್ಳೆಯ ಔಷಧಿಯನ್ನು ಹೊರಗೆ ಮಾರುತ್ತಿದ್ದಾರೆ ಎಂದು ಔಷಧಾಲಯದ ಟ್ರಸ್ಟಿನವರ ಅನುಮಾನ. ಜೂನ್ ಹದಿನಾಲ್ಕಕ್ಕೆ ಸಮಿತಿ ಸೇರುತ್ತದೆ. ಪೆಟ್ಟಿಗೆಯಲ್ಲಿ ದೋಷವಿಲ್ಲ ಎಂದು ನಾನು ಸಹಿ ಮಾಡಿಕೊಟ್ಟರೆ ಅವರನ್ನು ಪೊಲೀಸರಿಗೆ ಒಪ್ಪಿಸುತ್ತಾರಂತೆ.

ಆ ಬೆಳಕನ್ನು ಮಿಟುಕಿಸುವ ಪ್ರೋಗ್ರಾಮು, ಆ ಡ್ರೈವರ್, ಬರೆದವಳು ನೀನು. ಅದರಲ್ಲಿ ನಿನಗೆ ಮಾತ್ರ ಗೊತ್ತಿರುವ ಕುಂದು ಏನಾದರೂ ಇದೆಯೇ? ಇದ್ದರೆ ನನಗೊಬ್ಬಳಿಗೆ ಬರೆ.

ನಿನ್ನ
ಸುಮಿತ್ರಾ

*

ಹೊಸಪೇಟೆ
೧೯ ಮೇ ೨೦೦೮

ಸುಮಿತ್ರಾ ಮೇಡಂ ಅವರಿಗೆ ನಮಸ್ಕಾರ.

ಸ್ಪೀಡ್ ಪೋಸ್ಟ್ ತಲುಪಿತು. ನಾನು ಇಲ್ಲಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಿದ್ದೇನೆ. ಪರೀಕ್ಷೆಯ ಕಾಲ, ಕರೆಂಟ್ ಇರುವುದಿಲ್ಲ. ಇದು ನೆಪವಲ್ಲ. ಆದರೂ ಉತ್ತರ ತಡವಾದದ್ದಕ್ಕೆ ಇದೊಂದೇ ಕಾರಣವೂ ಅಲ್ಲ.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. "ನನಗೊಬ್ಬಳಿಗೆ ಬರೆ" ಎಂದಿದ್ದೀರಿ. ನಾನು ಬರೆದುಕೊಟ್ಟದ್ದು ನಿಮ್ಮೊಬ್ಬರ ಬಳಿಯೇ ಉಳಿಯುತ್ತದೆಯೇ? ಕೆಲಸ ಬಿಟ್ಟುಹೋದವರ ತಲೆಗೆ ಕಟ್ಟುವುದು ಸುಲಭ ಎಂಬುದನ್ನು ನಾನೂ ಅಲ್ಲೇ ಕಲಿತವಳು. ಸದ್ಯ ಇಷ್ಟು ಹೇಳಬಲ್ಲೆ: ನಾನು ಬಿಟ್ಟು ಬರುವಾಗ ಡ್ರೈವರ್ ಸರಿಯಾಗಿತ್ತು. ಆಮೇಲೆ ಅದನ್ನು ಯಾರು ಮುಟ್ಟಿದರೋ ನನಗೆ ತಿಳಿಯದು.

ಆ ಮೇಲ್ವಿಚಾರಕರು ಏನು ಹೇಳುತ್ತಾರೆ? ಅವರನ್ನು ಯಾರಾದರೂ ಕೂರಿಸಿ ಕೇಳಿದ್ದಾರೆಯೇ, ಇಲ್ಲ ಆಗಲೇ ಕಳ್ಳನೆಂದು ತೀರ್ಮಾನಿಸಿ ನಿಮ್ಮ ಸಹಿಗೆ ಮಾತ್ರ ಕಾಯುತ್ತಿದ್ದಾರೆಯೇ? ಈಗಲೂ ಕೆಲಸಕ್ಕೆ ಬರುತ್ತಿದ್ದಾರೆಯೇ?

ವೈಜಯಂತಿ

*

ದ್ವಾರಕಾ
೨೪ ಮೇ ೨೦೦೮

ಪ್ರಿಯ ವೈಜಯಂತಿ,

ನಿನ್ನ ಪ್ರಶ್ನೆ ಚುಚ್ಚಿತು. ಚುಚ್ಚಿದ್ದರಿಂದಲೇ ಅದರಲ್ಲಿ ನ್ಯಾಯವಿರಬೇಕು ಎಂದುಕೊಂಡೆ. ನಿನ್ನ ಪತ್ರಗಳು ನನ್ನ ಮನೆಯಲ್ಲೇ ಇರುತ್ತವೆ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಈ ವಾರ ಪೂರ್ತಿ ಲ್ಯಾಬಿನಲ್ಲಿದ್ದೆ. ವರ್ಷಗಳಿಂದ ಮ್ಯಾನೇಜರ್ ಆಗಿ ಕೂತವಳು ನಾನು. ಪೆಟ್ಟಿಗೆಯ ಪ್ರೋಗ್ರಾಮಿನ ಒಡಲಿಗೆ, ಕರ್ನಲ್ಲಿನೊಳಗೆ, ಇಣುಕಿದ್ದೇ ಮರೆತಿತ್ತು. ತಿಳಿದುಕೊಂಡದ್ದನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

ಏಸಿಗೆ ಬರೀ ಬೆಳಕು ಕಂಡರೆ ಸಾಲದು. ಆ ಬೆಳಕು ಒಂದು ನಿಗದಿತ ವೇಗದಲ್ಲಿ, ಸೆಕೆಂಡಿಗೆ ಸಾವಿರಾರು ಸಲ, ತಾಳ ತಪ್ಪದೆ ಮಿಟುಕಬೇಕು. ಇಲ್ಲದಿದ್ದರೆ ಅದು ಬಿಸಿಲೋ ಟ್ಯೂಬ್‌ಲೈಟೋ ಎಂದು ಸುಮ್ಮನಿರುತ್ತದೆ. ಆ ತಾಳವನ್ನು ಪ್ರೊಸೆಸರ್ ತಾನೇ ಎಣಿಸಿ ಹಾಕಲು ಹೋದರೆ, ನಡುವೆ ಬೇರೆ ಕೆಲಸ ಬಂದಾಗ ಎಣಿಕೆ ತಪ್ಪುತ್ತದೆ. ಆದ್ದರಿಂದ ನೀನು ಅದನ್ನು ಚಿಪ್ಪಿನೊಳಗಿನ ಹಾರ್ಡ್‌ವೇರ್ ಟೈಮರಿಗೆ ವಹಿಸಿದೆ. ಅದು ತನ್ನ ಪಾಡಿಗೆ ತಾನು ತಾಳ ಹಾಕುತ್ತಿರುತ್ತದೆ. ಪ್ರೊಸೆಸರ್ ಎಷ್ಟೇ ಗಡಿಬಿಡಿಯಲ್ಲಿರಲಿ, ಅದಕ್ಕೆ ಲೆಕ್ಕವಿಲ್ಲ.

ಸರಿ ತಾನೆ? ಸರಿಯಿದ್ದರೆ ಸುದ್ದಿ ಒಳ್ಳೆಯದಲ್ಲ. ಹಗಲೂ ರಾತ್ರಿ ಪೆಟ್ಟಿಗೆಯನ್ನು ಓಡಿಸಿದೆವು, ಬೇಕೆಂದೇ ಅದಕ್ಕೆ ಕೆಲಸ ತುಂಬಿದೆವು. ಒಂದು ಸಲವೂ ತಾಳ ತಪ್ಪಲಿಲ್ಲ. ನೀನು ಹೋದ ಮೇಲೆ ಡ್ರೈವರುಗಳನ್ನು ನೋಡಿಕೊಳ್ಳುತ್ತಿರುವ, ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗ ಗಗನ್ ಕೈ ಚೆಲ್ಲಿದ: "ಮೇಡಂ, ಬಾಕ್ಸ್ ಬಿಲ್ಕುಲ್ ಕ್ಲೀನ್ ಇದೆ. ಆಪ್ ಸೈನ್ ಕರ್ ದೋ, ಚಲೋ, ಖತಂ."

ಇನ್ನೊಂದು. ಮೇಲ್ವಿಚಾರಕರು ರಜೆಯಲ್ಲಿದ್ದ ದಿನಗಳಲ್ಲಿ, ಬೇರೆಯವರು ಬಾಗಿಲು ತೆಗೆದಾಗ, ಏಸಿಗಳು ಒಮ್ಮೆಯೂ ಕೈ ಕೊಟ್ಟಿಲ್ಲ. ಟ್ರಸ್ಟಿನ ಕಾರ್ಯದರ್ಶಿ ಫೋನಿನಲ್ಲಿ, "ಮೇಡಂಜೀ, ಮಷೀನ್ ಝೂಠ್ ನಹೀ ಬೋಲ್ತೀ" ಎಂದರು. ಯಂತ್ರ ಸುಳ್ಳು ಹೇಳುವುದಿಲ್ಲವಂತೆ.

ನೀನು ಯಂತ್ರದ ಬಗ್ಗೆ ಎರಡು ಸಾಲು ಬರೆದು ಆ ಮನುಷ್ಯನ ಬಗ್ಗೆ ಅದಕ್ಕಿಂತ ಹೆಚ್ಚು ಕೇಳಿದ್ದೀಯೆ. ಏಕೆ ಎಂದು ಯೋಚಿಸುತ್ತಿದ್ದೇನೆ.

ಸುಮಿತ್ರಾ

*

ಹೊಸಪೇಟೆ
೩೦ ಮೇ ೨೦೦೮

ಮೇಡಂ,

ತಪ್ಪು ನನ್ನದು. ನೀವು ತಿಳಿದಂತೆ ನಾನು ಇಡೀ ತಾಳವನ್ನು ಟೈಮರಿಗೆ ವಹಿಸಲಿಲ್ಲ. ಆಜ್ಞೆಯ ಕೊನೆಯ ಭಾಗವನ್ನು ಅವಸರದಲ್ಲಿ ಪ್ರೊಸೆಸರ್ ಎಣಿಸುವ ಲೂಪಿನಲ್ಲೇ ಬಿಟ್ಟಿದ್ದೆ. ಮದುವೆಯ ಓಡಾಟ, ಕೆಲಸ ಬಿಡುವ ಗಡಿಬಿಡಿ. ಯಾರಿಗೂ ಹೇಳಲಿಲ್ಲ. ಅಪರೂಪಕ್ಕೊಮ್ಮೆ ಅದು ತಪ್ಪಬಹುದು, ಲ್ಯಾಬಿನಲ್ಲಿ ಸಿಗದಿರಬಹುದು.

ಈ ಪತ್ರವನ್ನು ನೀವು ಯಾರಿಗೆ ಬೇಕಾದರೂ ತೋರಿಸಿ. ಇಂಗ್ಲಿಷಿನಲ್ಲಿ ಬೇಕಾದರೆ ಹಾಗೂ ಬರೆದು ಸಹಿ ಮಾಡಿ ಕಳಿಸುತ್ತೇನೆ. ಹದಿನಾಲ್ಕರೊಳಗೆ ಅವರಿಗೆ ತಿಳಿಸಿದರೆ ಸಾಕು.

ವೈಜಯಂತಿ

*

ದ್ವಾರಕಾ
೫ ಜೂನ್ ೨೦೦೮

ವೈಜಯಂತಿ,

ನಿನ್ನ ಪತ್ರ ಬಂದಾಗ ಮೊದಲು ನನಗಾದದ್ದು ನೆಮ್ಮದಿ. ಅದನ್ನು ಮುಚ್ಚಿಡುವುದಿಲ್ಲ. ಒಬ್ಬ ಮನುಷ್ಯ ಉಳಿಯುತ್ತಾನೆ, ಕಂಪನಿಯಲ್ಲಿ ಈಗಿರುವ ಯಾರಿಗೂ ಕೆಟ್ಟ ಹೆಸರಿಲ್ಲ, ನನ್ನ ಸಹಿ ಹಗುರ. ಇಷ್ಟು ಅನುಕೂಲವಾದ ಸತ್ಯ ಅಪರೂಪ. ಅದಕ್ಕೇ ಅನುಮಾನ ಬಂತು.

ನೀನು ಹೇಳಿದ ಲೂಪ್ ಎಲ್ಲಿದೆ? ನಿನ್ನ ಕೋಡನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಪ್ರತಿ ಮಿಟುಕೂ ಟೈಮರಿನದೇ. ಹಳೆಯ ಪ್ರತಿಗಳಲ್ಲೂ ಹಾಗೇ ಇದೆ. ನೀನು ಮಾಡದ ತಪ್ಪನ್ನು ಒಪ್ಪಿಕೊಂಡಿದ್ದೀಯೆ.

ಯಾರನ್ನು ಉಳಿಸಲು ಎಂಬುದು ಮೊನ್ನೆ ತಿಳಿಯಿತು. ಆಫೀಸಿಗೆ ಹೇಳದೆ ನಾನೇ ಆರ್.ಕೆ.ಪುರಂಗೆ ಹೋಗಿದ್ದೆ. ಬೆಳಗಿನ ಎಂಟಕ್ಕೆ ಸ್ವಲ್ಪ ಮೊದಲು. ಮೇಲ್ವಿಚಾರಕ ಚಂದ್ರಮೋಹನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಮುಂದೆ ಬೀಗದ ಕೈ ಹಿಡಿದು ನಿಂತಿದ್ದರು. ಗಾರ್ಡಿನ ರೇಡಿಯೋದಲ್ಲಿ ಸುದ್ದಿಗೆ ಮೊದಲಿನ ಪಿಪ್ ಪಿಪ್ ಮುಗಿದ ಮೇಲೆಯೇ ಬೀಗ ತೆಗೆದರು. ತೆಗೆದದ್ದೇ ತಲೆಯ ಮೇಲಿನ ಬೆಲ್ ಕಿರ್ರ್ ಕಿರ್ರ್ ಎಂದು ಶುರುವಾಯಿತು. ಬಾಗಿಲು ತೆರೆದಿರುವಷ್ಟು ಹೊತ್ತೂ ಹಾಗೇ. ನಾವು ಕಿರುಚಿಯೇ ಮಾತಾಡಿದೆವು. ನಾನು ಕನ್ನಡದಲ್ಲಿ ನಮಸ್ಕಾರ ಎಂದದ್ದೇ ತಡ, ಮುಖ ಅರಳಿತು.

"ಅಯ್ಯೋ, ನಮ್ಮೋರಾ! ಬನ್ನಿ ಬನ್ನಿ. ಕೂತ್ಕೊಳ್ಳಿ, ಕಾಫಿ ತರಿಸ್ತೀನಿ. ಮುನಿರ್ಕಾದಲ್ಲಿ ಪುಡಿ ಸಿಗತ್ತೆ, ನಮ್ಮೂರಿನದೇ ಅಂತಾನೆ, ಸುಳ್ಳು ಹೇಳ್ತಾನೆ."

"ಈ ಪೆಟ್ಟಿಗೆ ನೋಡೋಕೆ ಬಂದೆ."

"ನೋಡಿ ನೋಡಿ. ನಮ್ಮ ವೈಜೂ ಮಾಡಿದ್ದು! ನನ್ನ ತಂಗಿ ಮಗಳು. ಟ್ರಸ್ಟಿನೋರ ಹತ್ರ ನಾನೇ ಗೋಗರೆದು ಹಾಕಿಸ್ದೆ, ನಮ್ಮ ಹುಡುಗೀದು ಅಂತ. ಹೈಸ್ಕೂಲಿಂದ ನಮ್ಮ ಕ್ವಾರ್ಟರ್ಸಲ್ಲೇ ಬೆಳೆದೋಳು."

ಪೆಟ್ಟಿಗೆ ಅವರಿಗೆ ಏನು ತಂದಿದೆ ಎಂಬುದು ಅವರಿಗೆ ಇನ್ನೂ ಪೂರ್ತಿ ತಿಳಿದಂತಿಲ್ಲ. ಅಥವಾ ತಿಳಿದೂ ನಿನ್ನ ಹೆಸರು ಹೇಳಿ ಹಿಗ್ಗಿದರೋ? ಚಂದ್ರಮೋಹನ ಅವರ ಮುಖವನ್ನು ಅಷ್ಟು ಹೊತ್ತು ನೋಡಿಯೂ ನನಗೆ ನಿರ್ಧರಿಸಲಾಗಲಿಲ್ಲ. ರಿಮೋಟ್ ಅವರ ಮೇಜಿನ ಖಾನೆಯಲ್ಲೇ ಇತ್ತು. ಅವರೇ ತೆಗೆದು ತೋರಿಸಿದರು. ಕಳ್ಳನಾದವನು ತೋರಿಸುತ್ತಾನೆಯೇ? ಜಾಣ ಕಳ್ಳನಾದರೆ ತೋರಿಸುತ್ತಾನೆ. ನೋಡು, ನನ್ನ ಯೋಚನೆ ಎಲ್ಲಿಗೆ ಬಂದು ನಿಂತಿದೆ.

ಅವತ್ತು ಏಸಿ ಸರಿಯಾಗಿಯೇ ಹತ್ತಿತು.

ಸೋದರಮಾವ ಎಂದು ನೀನು ಮೊದಲ ಪತ್ರದಲ್ಲೇ ಹೇಳಬಹುದಿತ್ತು. ಹೇಳಿದ್ದರೆ ನಿನ್ನ ಮಾತನ್ನು ನಂಬುತ್ತಿದ್ದೆನೇ? ಬಹುಶಃ ಇಲ್ಲ. ಆದರೆ ಈಗಂತೂ ನಿನ್ನ ಯಾವ ಮಾತನ್ನು ನಂಬಬೇಕೋ ತಿಳಿಯುತ್ತಿಲ್ಲ. ನಿನ್ನ ತಪ್ಪೊಪ್ಪಿಗೆಯನ್ನು ನಾನು ಬಳಸುವುದಿಲ್ಲ. ಹಾಗೆಂದರೆ ಏನರ್ಥ ಎಂಬುದು ನಿನಗೆ ಗೊತ್ತು: ಪೆಟ್ಟಿಗೆ ನಿರ್ದೋಷಿ ಎಂದಾದರೆ ಉಳಿಯುವವರು ಅವರೊಬ್ಬರೇ.

ಸುಮಿತ್ರಾ

*

ಹೊಸಪೇಟೆ
೧೦ ಜೂನ್ ೨೦೦೮
(ನಿಮ್ಮ ಮನೆಯ ಕೆಳಗಿನ ಎಸ್‌ಟಿಡಿ ಅಂಗಡಿಗೆ ಫ್ಯಾಕ್ಸ್ ಮಾಡುತ್ತಿದ್ದೇನೆ)

ಮೇಡಂ,

ಹೌದು, ಸುಳ್ಳು ಬರೆದೆ. ನನಗೆ ಇಲ್ಲಿ ಏನು ಮಾಡಿಯಾರು? ಮಾವನಿಗಾದರೆ ನಿವೃತ್ತಿಗೆ ಮುಂಚೆ ಕೈಗೆ ಬೇಡಿ. ನಿಮ್ಮ ಮೊದಲ ಪತ್ರ ಓದಿದಾಗ, ನಮ್ಮ ಸಂಬಂಧ ನಿಮಗೆ ಗೊತ್ತಿದ್ದೂ ಬಲೆ ಬೀಸುತ್ತಿದ್ದೀರಿ ಎಂದುಕೊಂಡೆ. ನಾನೂ ಹಾಗೆಯೇ ಯೋಚಿಸಿದೆ, ನಿಮ್ಮ ಹಾಗೆಯೇ.

ಅದಿರಲಿ. ಈಗ ನನಗೆ ಒಂದೇ ಪ್ರಶ್ನೆ. ಯಾವ ಬೆಲ್?

ನಾನಿದ್ದಾಗ ಪೆಟ್ಟಿಗೆಗೆ ಬೆಲ್ ಇರಲಿಲ್ಲ. ನಿಮ್ಮ ಹಿಂದಿನ ಪತ್ರಗಳಲ್ಲೂ ಅದರ ಸುದ್ದಿಯಿಲ್ಲ. ಮಾವನಿಗೆ ಫೋನ್ ಮಾಡಿದೆ. "ಮಾರ್ಚಿನಲ್ಲಿ ಹಾಕಿದ್ರು ಕಣೇ, ಕಳ್ಳತನ ಆಗ್ಬಾರ್ದು ಅಂತ. ನಿನ್ನ ಪೆಟ್ಟಿಗೆಗೇ ವೈರ್ ಎಳ್ದಿದಾರೆ. ಮೂರು ಹೊತ್ತೂ ಕಿರ್ರ್ ಅಂತದೆ, ತಲೆ ಚಿಟ್ಟು ಹಿಡ್ದೋಗಿದೆ" ಎಂದರು. ಏಸಿ ಆರಲು ಶುರುವಾದದ್ದು ಮಾರ್ಚಿನ ನಂತರವೇ ಅಲ್ಲವೇ?

ಆ ಬೆಲ್ಲಿನ ಸ್ವರ ಯಾವ ಟೈಮರಿನದು, ನೋಡಿ. ಬೆಳಕಿಗೆ ನಾನು ಬಳಸಿದ್ದು ಸೊನ್ನೆ ನಂಬರಿನ ಟೈಮರ್. ಒಂದನೆಯದನ್ನು ಖಾಲಿ ಬಿಟ್ಟಿದ್ದೆ. ಅದು ಯಾರಿಗೂ ಬೇಡವಾಗಿ ಖಾಲಿ ಇದ್ದದ್ದಲ್ಲ, ಮುಟ್ಟಬಾರದೆಂದೇ ಬಿಟ್ಟದ್ದು. ಆ ಚಿಪ್ಪಿನಲ್ಲಿ ಅವೆರಡಕ್ಕೂ ವೇಗ ನಿಗದಿ ಮಾಡಲು ಇರುವುದು ಒಂದೇ ವಿಭಾಜಕ. ಒಬ್ಬರು ತಮ್ಮ ವೇಗಕ್ಕೆ ಅದನ್ನು ತಿರುಗಿಸಿದರೆ ಪಕ್ಕದವರ ವೇಗವೂ ಕೆಡುತ್ತದೆ. ಗಗನ್ "ಇದು ಖಾಲಿ ಇದೆಯಲ್ಲ" ಎಂದು ತೆಗೆದುಕೊಂಡಿದ್ದರೆ ಅವನನ್ನು ನಾನು ದೂರುವುದಿಲ್ಲ. ಖಾಲಿ ಏಕೆ ಎಂದು ನಾನೂ ಎಲ್ಲೂ ಬರೆದಿಡಲಿಲ್ಲ.

ಲ್ಯಾಬಿನಲ್ಲಿ ಬೆಲ್ ಬಾರಿಸುತ್ತಾ ಪರೀಕ್ಷೆ ಮಾಡಿದ್ದೀರಾ?

ನನ್ನನ್ನು ನಂಬಬೇಡಿ. ಪರೀಕ್ಷೆ ಮಾಡಿ.

ವೈಜಯಂತಿ

*

ದ್ವಾರಕಾ
೧೭ ಜೂನ್ ೨೦೦೮

ವೈಜಯಂತಿ,

ಚಂದ್ರಮೋಹನ ಅವರ ಮೇಲೆ ಯಾವ ಆರೋಪವೂ ಇಲ್ಲ. ಇದು ಮೊದಲು ನಿನಗೆ ತಲುಪಲಿ. ಶನಿವಾರವೇ ತಿಳಿಸಬೇಕಿತ್ತು, ಫೋನ್ ಎತ್ತಿಕೊಂಡು ಮತ್ತೆ ಇಟ್ಟೆ. ಅಷ್ಟರಲ್ಲಿ ಅವರೇ ಹೇಳಿರುತ್ತಾರೆಂದು ಗೊತ್ತು. ಆದರೂ ನನ್ನ ಕಡೆಯಿಂದ ಆದದ್ದನ್ನು ಬರೆಯದೆ ಇರಲಾರೆ.

ಫ್ಯಾಕ್ಸ್ ಬಂದಾಗ ಅಂಗಡಿಯ ಭಯ್ಯಾ ಅದನ್ನು ತಲೆಕೆಳಗು ಹಿಡಿದು, "ದೀದಿ, ಮದ್ರಾಸ್ ಸೆ ಕುಛ್ ಆಯಾ ಹೈ" ಎಂದು ಕೊಟ್ಟ. ಅಲ್ಲೇ ನಿಂತು ಓದಿ, ಮನೆಗೆ ಹತ್ತದೆ ನೇರ ಆಫೀಸಿನ ಕಡೆಯ ಚಾರ್ಟರ್ಡ್ ಬಸ್ಸಿಗೆ ಹೋದೆ. ಬೆಲ್ಲಿನ ಸಂಗತಿ ನಿನಗೆ ಮೊದಲೇ ಏಕೆ ಬರೆದಿರಲಿಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಅದು ಬಾಗಿಲಿನ ವಿಷಯ, ಬೆಳಕಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡಿದ್ದೆ, ನಿಜ. ಆದರೆ ಟ್ರಸ್ಟಿನವರು ತಮ್ಮವರ ಮೇಲೆಯೇ ಕಣ್ಣಿಡಲು ಹಾಕಿಸಿಕೊಂಡದ್ದನ್ನು ಹೊರಗಿನವಳಿಗೆ ಹೇಳುವುದೇಕೆ ಎಂದೂ ಅನ್ನಿಸಿತ್ತು. ಮೊದಲ ಪತ್ರ ಬರೆಯುವಾಗಲೇ ನೀನು ನನಗೆ ಹೊರಗಿನವಳಾಗಿದ್ದೆ.

ಲ್ಯಾಬಿನಲ್ಲಿ ಗಗನ್‌ನನ್ನು ಕೇಳಿದೆ. "ಬಜರ್? ಟೈಮರ್ ಒನ್ ಪೇ ಹೈ ಮೇಡಂ. ಫ್ರೀ ಥಾ ನಾ, ಯಾರೂ ಯೂಸ್ ಮಾಡ್ತಿರಲಿಲ್ಲ."

"ಪರೀಕ್ಷೆ ಮಾಡುವಾಗ ಅದು ಒಮ್ಮೆಯೂ ಕೂಗಲಿಲ್ಲವಲ್ಲ?"

ಅವನು ಮೇಜಿನ ಕೆಳಗೆ ಬಗ್ಗಿ ತೋರಿಸಿದ. ಬಾಗಿಲಿನ ಸ್ವಿಚ್ಚಿಗೆ ಹೋಗಬೇಕಾದ ಎರಡು ತಂತಿಗಳನ್ನು ಒಂದಕ್ಕೊಂದು ತಿರುಚಿ ಟೇಪು ಸುತ್ತಿತ್ತು. ಬಾಗಿಲು ಸದಾ ಮುಚ್ಚಿದೆ ಎಂದು ಪೆಟ್ಟಿಗೆಗೆ ನಂಬಿಸಲು. ಆ ಕಿರುಚಾಟದಲ್ಲಿ ಯಾರಿಗೂ ಕೆಲಸ ಮಾಡಲಾಗುತ್ತಿರಲಿಲ್ಲವಂತೆ. "ಆಪ್‌ನೇ ಹೀ ಬೋಲಾ ಥಾ, ಇದನ್ನ ಬಂದ್ ಮಾಡ್ರೋ ಅಂತ." ಹೇಳಿರಬಹುದು. ಎಲ್ಲರೂ ಹೇಳಿದ್ದರಂತೆ.

ಟೇಪು ಬಿಚ್ಚಿದೆವು. ಬೆಲ್ ಕೂಗತೊಡಗಿತು. ಪರದೆಯ ಮೇಲೆ ನಿನ್ನ ತಾಳ ಬಾಚಣಿಗೆಯ ಹಲ್ಲಿನಂತೆ ಒಂದೇ ಸಮನಾಗಿ ಹೋಗುತ್ತಿತ್ತು. ಮೂರನೆಯದೋ ನಾಲ್ಕನೆಯದೋ ಆಜ್ಞೆಯ ನಟ್ಟನಡುವೆ ಕಿರ್ರ್ ಎಂದಿತು ನೋಡು, ಹಲ್ಲುಗಳು ಒಮ್ಮೆಲೇ ಅಗಲವಾಗಿಬಿಟ್ಟವು. ನಮ್ಮ ದ್ವಾರಕಾದ ಫ್ಲ್ಯಾಟಿನಲ್ಲಿ ಮೇಲಿನ ಮನೆಯವರು ನಲ್ಲಿ ತಿರುಗಿಸಿದರೆ ನಮ್ಮ ಶವರ್ ಸೊರಗುತ್ತದೆ, ಹಾಗೆ. ಗಗನ್ ಕೈಚಾಚಿ ಬೆಲ್ಲಿನ ತಂತಿ ಕಿತ್ತ. ಆಮೇಲೆ ಕನ್ನಡದಲ್ಲೇ ಹೇಳಿದ: "ಆ ಅಂಕಲ್ ಪಾಪ."

ಈಗ ಎಲ್ಲವೂ ಕೂಡಿಬರುತ್ತದೆ. ಎಂಟಕ್ಕೆ ಸರಿಯಾಗಿ ಆಜ್ಞೆ ಹೊರಡುತ್ತದೆ. ಎಂಟಕ್ಕೆ ಸರಿಯಾಗಿ ಬಾಗಿಲು ತೆಗೆಯುವವರು ನಿಮ್ಮ ಮಾವ ಒಬ್ಬರೇ. ಬದಲಿಗೆ ಬಂದವರು ಚಹಾ ಮುಗಿಸಿ ನಿಧಾನಕ್ಕೆ ತೆಗೆಯುತ್ತಿದ್ದರು. ಬೆಲ್ಲಿನ ಕಿರುಚು ಒಂದು ಏಸಿಗೆ ಹೋಗುವ "ಆರಿಹೋಗು" ಎಂಬ ಆಜ್ಞೆಗೂ ಇನ್ನೊಂದಕ್ಕೆ ಹೋಗುವ "ಹತ್ತಿಕೋ" ಎಂಬ ಆಜ್ಞೆಗೂ ನಡುವೆ ಬಿದ್ದರೆ ಏನೂ ಆಗುವುದಿಲ್ಲ. ಎರಡನೆಯದರ ಮೇಲೆಯೇ ಬಿದ್ದ ದಿನ ಎರಡು ಏಸಿಯೂ ಸತ್ತವು. ಅವರ ಮೇಲೆ ಅನುಮಾನವಿದ್ದದ್ದಕ್ಕೆ ಬೆಲ್ ಬಂತು. ಬೆಲ್ ಬಂದದ್ದಕ್ಕೆ ಅನುಮಾನಕ್ಕೆ ಸಾಕ್ಷಿ ಸಿಕ್ಕಿತು. ಆ ಸಾಕ್ಷಿಗೆ ಮೊಹರು ಒತ್ತಲು ನಾನು ಪೆನ್ನು ಹಿಡಿದು ಕೂತಿದ್ದೆ.

ಶನಿವಾರ ಸಮಿತಿಯವರನ್ನು ಉಗ್ರಾಣಕ್ಕೇ ಕರೆದುಕೊಂಡು ಹೋದೆ. ವಿಭಾಜಕದ ಕಥೆ ಅವರಿಗೆ ಬೇಕಿರಲಿಲ್ಲ. ಕಾರ್ಯದರ್ಶಿಗಳ ಮೊಬೈಲ್ ಕ್ಯಾಮೆರಾವನ್ನು ಪೆಟ್ಟಿಗೆಯತ್ತ ಹಿಡಿಸಿದೆ. ಬರಿಗಣ್ಣಿಗೆ ಕಾಣದ ಬೆಳಕು ಅದರಲ್ಲಿ ನೇರಳೆಯಾಗಿ ಕಾಣುತ್ತದೆ. ಬಾಗಿಲು ತೆರೆದು, ಬೆಲ್ ಕೂಗಿಸುತ್ತಾ, ಗಗನ್ ಲ್ಯಾಪ್‌ಟಾಪಿನಿಂದ ಆಜ್ಞೆಯ ಮೇಲೆ ಆಜ್ಞೆ ಕಳಿಸಿದ. ಒಂದೆರಡಕ್ಕೆ ಏಸಿ ಓಗೊಟ್ಟಿತು. ಆಮೇಲೆ ಒಂದಕ್ಕೆ ಅಲ್ಲಾಡಲಿಲ್ಲ.

"ಲೈಟ್ ತೋ ಆ ರಹೀ ಹೈ!" ಎಂದರು ಕಾರ್ಯದರ್ಶಿ.

"ಬರುತ್ತಿದೆ ಸರ್. ಏಸಿಗೆ ಅರ್ಥವಾಗುತ್ತಿಲ್ಲ ಅಷ್ಟೆ."

ಅವರು ಮೊಬೈಲನ್ನೇ ದಿಟ್ಟಿಸಿ, "ಅಚ್ಛಾ" ಎಂದರು. ಇನ್ನೊಮ್ಮೆ "ಅಚ್ಛಾ" ಎಂದರು. ನಿಮ್ಮ ಮಾವ ಅಲ್ಲೇ ಗೋಡೆಯ ಪಕ್ಕ ನಿಂತಿದ್ದರು. ಅವರ ಕಡೆ ಯಾರೂ ತಿರುಗಲಿಲ್ಲ. ಕಾರ್ಯದರ್ಶಿ ಕ್ಷಮೆ ಕೇಳುತ್ತಾರೆಂದು ನಾನು ಕಾದೆ. ಬೆಲ್ಲನ್ನು ಯಾವಾಗ ಸರಿ ಮಾಡಿಕೊಡುತ್ತೀರಿ ಎಂದು ಕೇಳಿದರು. ತೆಗೆಸುವ ಮಾತೇ ಬರಲಿಲ್ಲ.

ಬೆಲ್ಲನ್ನು ಬೇರೆ ಟೈಮರಿಗೆ ಕಟ್ಟಿದ್ದೇವೆ. ಒಂದನೆಯದು ಈಗ ಮತ್ತೆ ಖಾಲಿ. ಏಕೆ ಖಾಲಿ ಎಂದು ಕೋಡಿನಲ್ಲೇ ನಿನ್ನ ಹೆಸರು ಹಾಕಿ ಬರೆಸಿದ್ದೇನೆ.

ನಿನ್ನೆ ಬೆಳಿಗ್ಗೆ ಹೊಸ ಪ್ರೋಗ್ರಾಮು ಓಡುವುದನ್ನು ನೋಡಲು ಮತ್ತೆ ಹೋಗಿದ್ದೆ. ರೇಡಿಯೋದ ಪಿಪ್ ಪಿಪ್ ಮುಗಿಯಿತು, ಸುದ್ದಿ ಶುರುವಾಯಿತು. ನಿಮ್ಮ ಮಾವ ಬೀಗ ತೆಗೆಯಲಿಲ್ಲ. ಬೀಗದ ಕೈ ಹಿಡಿದು ಹೊರಗೇ ನಿಂತರು.

"ಈಗ ತೆಗೀಬಹುದು ಸರ್. ಸರಿಹೋಗಿದೆ," ಎಂದೆ.

"ಗೊತ್ತಮ್ಮ. ನೀವು ಹೇಳಿದ್ರಲ್ಲ."

ಆದರೂ ಕದಲಲಿಲ್ಲ. ಒಳಗೆ ಒಂದು ಏಸಿ ನಿಂತು ಇನ್ನೊಂದು ಗುರ್ ಎಂದು ಶುರುವಾದದ್ದು ಬಾಗಿಲಿನಾಚೆಯಿಂದಲೇ ಕೇಳಿಸಿತು. ಆಮೇಲೆ ಗಾರ್ಡನ್ನು ಕೂಗಿದರು: "ಭಯ್ಯಾ, ಝರಾ ಇಧರ್ ಆನಾ." ಅವನು ಬರುವವರೆಗೆ ಕಾದು, ಅವನು ಬಂದು ಪಕ್ಕದಲ್ಲಿ ನಿಂತ ಮೇಲೆ ಬೀಗ ತೆಗೆದರು. ಬೆಲ್ ಕೂಗಿತು. ಏಸಿ ಓಡುತ್ತಲೇ ಇತ್ತು. ಅವರು ನನ್ನತ್ತ ತಿರುಗಿ, ಆ ಸದ್ದಿನಲ್ಲಿ ಕಿರುಚಿ ಕೇಳಿದರು:

"ನೀವೂ ನೋಡಿದ್ರಲ್ಲಮ್ಮ? ನಾನು ಏನೂ ಮುಟ್ಲಿಲ್ಲ."

ನೋಡಿದೆ ಎಂದೆ. ಅವರಿಗೆ ಕೇಳಿಸಲಿಲ್ಲವೇನೋ, ಮತ್ತೆ ಕೇಳಿದರು. ಮತ್ತೆ ಹೇಳಿದೆ.

ಸುಮಿತ್ರಾ